ಪೈಥಾನ್ ಪಾಠದಲ್ಲಿ ‘ವಿತ್’ ಮೊದಲು ಬರಲಿ

ಸಂಪಾದಕರಿಗೆ ನಮಸ್ಕಾರ.

ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆಯ ಬಗ್ಗೆ ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ವಾರಕ್ಕೊಮ್ಮೆ ಬರುತ್ತಿರುವ ಪಾಠಗಳನ್ನು ಮೊದಲ ಕಂತಿನಿಂದಲೂ ಕತ್ತರಿಸಿ ಹಳೆಯ ಡೈರಿಯೊಂದಕ್ಕೆ ಅಂಟಿಸಿಕೊಂಡು ಬಂದಿದ್ದೇನೆ. ನಾನು ವಿದ್ಯಾರ್ಥಿನಿಯಲ್ಲ. ವಯಸ್ಸು 54. ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ 29 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಪುರವಣಿಯ ಪಾಠಗಳನ್ನು ಮಕ್ಕಳು ಎಷ್ಟು ಓದುತ್ತಾರೋ ತಿಳಿಯದು, ನಾನಂತೂ ಒಂದು ಸಾಲೂ ಬಿಡದೆ ಕಂಪ್ಯೂಟರಿನಲ್ಲಿ ಹೊಡೆದು ನೋಡಿದವಳು. ಹೊಡೆದು ನೋಡಿದ್ದರಿಂದಲೇ ಈ ತಕರಾರು.

ತಕರಾರು ಫೈಲುಗಳ ಪಾಠದ ಮೇಲೆ: ತೆರೆದ ಫೈಲನ್ನು ತಾನಾಗಿ ಮುಚ್ಚುವ ‘ವಿತ್’ ಎಂಬುದನ್ನು ಅದು ಹೇಳಿಕೊಡಲಿಲ್ಲ. ಅದರಲ್ಲಿ ಹೇಳಿಕೊಟ್ಟದ್ದು ಇಷ್ಟು: ‘ಓಪನ್’ ಎಂದು ಫೈಲ್ ತೆರೆಯಿರಿ, ‘ರೈಟ್’ ಎಂದು ಬರೆಯಿರಿ, ಕೊನೆಗೆ ‘ಕ್ಲೋಸ್’ ಎಂದು ಮುಚ್ಚಿರಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮುಚ್ಚಲು ಮರೆಯಬೇಡಿ’ ಎಂಬ ಎಚ್ಚರಿಕೆ. ನಾನು ಮರೆಯಲಿಲ್ಲ. ನನ್ನ ಪ್ರೋಗ್ರಾಮಿನ ಕಟ್ಟಕಡೆಯ ಸಾಲಿನಲ್ಲಿ ‘ಕ್ಲೋಸ್’ ಇತ್ತು. ಹಾಗಿದ್ದೂ ಒಂದು ದಿನದ ತೂಕವೆಲ್ಲ ಹೋಯಿತು.

ಮಂಡಿಗೆ ಮಾಲು ಬಂದಾಗ ಪ್ರತಿ ಲಾಟಿಗೂ ರೈತರ ಹೆಸರು, ಊರು, ಸರಕೋ ಬೆಟ್ಟೆಯೋ ರಾಶಿ ಇಡಿಯೋ ಗೊರಬಲೋ ಎಂಬ ಅಡಿಕೆಯ ಬಗೆ, ಚೀಲ ಎಷ್ಟು, ತೂಕ ಎಷ್ಟು ಎಂದು ಬರೆದುಕೊಳ್ಳಬೇಕು. ಮೊದಲು ಪುಸ್ತಕದಲ್ಲಿ ಬರೆದು, ಸಂಜೆ ಒಟ್ಟು ಹಾಕಿ, ಅದನ್ನು ಇನ್ನೊಂದು ಪುಸ್ತಕಕ್ಕೆ ಏರಿಸುತ್ತಿದ್ದೆ. ಒಟ್ಟು ಹಾಕುವ ಕೆಲಸವನ್ನಾದರೂ ಕಂಪ್ಯೂಟರ್ ಮಾಡಲಿ ಎಂದು ನಿಮ್ಮ ಪಾಠ ನೋಡಿಕೊಂಡು ಮೂವತ್ತು ಸಾಲಿನ ಪ್ರೋಗ್ರಾಮೊಂದನ್ನು ಬರೆದೆ. ಬೆಳಿಗ್ಗೆ ಆ ದಿನದ ಹೆಸರಿನಲ್ಲಿ ಫೈಲ್ ತೆರೆಯುತ್ತದೆ. ಒಂದೊಂದೇ ವಿವರ ಕೇಳಿ ಒಂದು ಸಾಲು ಬರೆಯುತ್ತದೆ. ಹೆಸರಿನ ಜಾಗದಲ್ಲಿ ಏನೂ ಹೊಡೆಯದೆ ಎಂಟರ್ ಒತ್ತಿದರೆ ದಿನದ ಕೆಲಸ ಮುಗಿಯಿತೆಂದು ತಿಳಿದು ಫೈಲ್ ಮುಚ್ಚುತ್ತದೆ. ಎರಡು ವಾರ ಒಂದು ಗ್ರಾಮೂ ಹೆಚ್ಚುಕಡಿಮೆಯಾಗದಂತೆ ನಡೆಯಿತು. ಸಾಹುಕಾರರೂ ಎರಡು ಸಲ ಬಂದು ಪರದೆ ನೋಡಿ ಹೋದರು.

ಕಳೆದ ಡಿಸೆಂಬರಿನ ಒಂದು ಗುರುವಾರ, ಸಂಜೆ ನಾಲ್ಕು ಗಂಟೆ. 58 ಲಾಟ್ ಆಗಿತ್ತು. ಐವತ್ತೊಂಬತ್ತನೆಯದಕ್ಕೆ ತೂಕದ ಹತ್ತಿರ ನಿಂತ ಹಮಾಲ ‘ಅಕ್ಕ, ಅರವತ್ತೈದು ನಾನೂರು’ ಎಂದು ಕೂಗಿದ. ಕೀಲಿಮಣೆಯಲ್ಲಿ ಚುಕ್ಕೆ ಮತ್ತು ಅಲ್ಪವಿರಾಮ ಅಕ್ಕಪಕ್ಕದ ಮನೆಯವು. 65.400 ಎಂದು ಹೊಡೆಯುವ ಬದಲು ಬೆರಳು ಜಾರಿ 65,400 ಎಂದಾಯಿತು. ಇದನ್ನು ಸಂಖ್ಯೆಯಾಗಿ ಮಾಡಲಾರೆ ಎಂದು ಪೈಥಾನ್ ಕೆಂಪು ಅಕ್ಷರದಲ್ಲಿ ನಾಲ್ಕು ಸಾಲು ಬೈದು ನಿಂತಿತು. (ಇಲ್ಲೊಂದು ತಮಾಷೆ: ಅದೇ ತೂಕವನ್ನು ಕನ್ನಡ ಅಂಕಿಯಲ್ಲಿ ೬೫.೪೦೦ ಎಂದು ಹೊಡೆದರೆ ಪೈಥಾನ್ ತಕರಾರಿಲ್ಲದೆ ಒಪ್ಪುತ್ತದೆ. ಬೇಕಾದರೆ ಹೊಡೆದು ನೋಡಿ. ಅಲ್ಪವಿರಾಮವನ್ನು ಮಾತ್ರ ಒಪ್ಪುವುದಿಲ್ಲ.)

ಹೋದರೆ ಒಂದು ಲಾಟ್ ಹೋಗುತ್ತದೆ, ಮತ್ತೆ ಹೊಡೆದರಾಯಿತು ಎಂದುಕೊಂಡೆ. ಹಿಂದಿನ 58 ಸಾಲು ಇದೆಯೇ ಎಂದು ನೋಡಲು ನೋಟ್‌ಪ್ಯಾಡಿನಲ್ಲಿ ಫೈಲ್ ತೆರೆದರೆ ಬಿಳಿ ಹಾಳೆ. ಗಾತ್ರ ನೋಡಿದರೆ ಸೊನ್ನೆ. ಕೈಕಾಲು ತಣ್ಣಗಾಯಿತು. ಗಾಬರಿಯಲ್ಲಿ ಪಾಠದಲ್ಲಿ ಹೇಳಿದಂತೆ ಎಫ್5 ಒತ್ತಿ ಪ್ರೋಗ್ರಾಮನ್ನು ಹೊಸದಾಗಿ ಓಡಿಸಿದೆ. ಅಲ್ಲಿಗೆ ಉಳಿದಿದ್ದ ಒಂದು ದಾರಿಯೂ ಮುಚ್ಚಿತು. ತೂಕದ ಚೀಟಿಗಳ ಕಾರ್ಬನ್ ಪ್ರತಿ ಇದ್ದದ್ದು ನಮ್ಮ ಪುಣ್ಯ. ರಾತ್ರಿ ಒಂಬತ್ತೂವರೆಯ ತನಕ ಕೂತು ಎಲ್ಲವನ್ನೂ ಪುಸ್ತಕಕ್ಕೆ ಬರೆದೆ. ‘ಅದಕ್ಕೇ ಹೇಳಿದ್ದು ನಾನು, ಪುಸ್ತಕವೇ ಸಾಕಮ್ಮ ಅಂತ’ ಎಂದರು ಸಾಹುಕಾರರು. ಅವರು ಹಾಗೆ ಹೇಳಿದ್ದು ಅದೇ ಮೊದಲ ಸಲ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸ ಮಾಡುವವನು. ಭಾನುವಾರ ಫೋನಿನಲ್ಲಿ ನಡೆದದ್ದನ್ನೆಲ್ಲ ಕೇಳಿ, ‘ಚಿಕ್ಕಮ್ಮ, ನೀವು ಬರೆದದ್ದು ಡಿಸ್ಕಿಗೆ ಹೋಗಿಯೇ ಇರಲಿಲ್ಲ’ ಎಂದ. ‘ರೈಟ್’ ಎಂದ ಕೂಡಲೇ ಅಕ್ಷರ ಫೈಲಿಗೆ ಹೋಗುವುದಿಲ್ಲವಂತೆ. ತೋಟದಲ್ಲಿ ಒಂದೊಂದು ಅಡಿಕೆ ಬಿದ್ದಾಗಲೂ ಅಂಗಳಕ್ಕೆ ಓಡಿ ಬರುತ್ತೇವೆಯೇ? ಹೆಡಿಗೆ ತುಂಬಿದ ಮೇಲೆ ಹೊರುತ್ತೇವೆ. ಪೈಥಾನ್ ಮಾಡುವುದೂ ಹಾಗೆಯೇ. ಅದರ ಹೆಡಿಗೆಗೆ ಬಫರ್ ಎಂದು ಹೆಸರು. ನಮ್ಮ ಮಂಡಿಯ ಕಂಪ್ಯೂಟರಿನಲ್ಲಿರುವ ಪೈಥಾನಿನಲ್ಲಿ ಅದಕ್ಕೆ ಹಿಡಿಸುವುದು 8192 ಬೈಟ್. ಬೈಟ್ ಎಂದರೆ ಕಂಪ್ಯೂಟರ್ ಅಕ್ಷರಗಳನ್ನು ಅಳೆಯುವ ಮಾಪು.

ಲೆಕ್ಕದವಳಾದ ಮೇಲೆ ಲೆಕ್ಕ ಹಾಕದೆ ಇರಲಾದೀತೇ? ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆದಿಡಬಲ್ಲ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ರಾಶಿ’ ಎಂಬುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ‘ರ’, ಅದರ ದೀರ್ಘ, ‘ಶ’, ಅದರ ಗುಡಿಸು ಎಂದು ನಾಲ್ಕು ಸಂಕೇತ, ಒಟ್ಟು 12 ಬೈಟ್. ಹೆಸರು, ಊರು, ಅಂಕಿ ಎಲ್ಲ ಸೇರಿ ನನ್ನ ಒಂದು ಸಾಲು ಸುಮಾರು 100 ಬೈಟ್. 58 ಸಾಲೆಂದರೆ 5800 ಚಿಲ್ಲರೆ. ಹೆಡಿಗೆ ತುಂಬಲು ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ಲಾಟ್ ಬೇಕಿತ್ತು. ಅಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ನಾನು ಬರೆದದ್ದರಲ್ಲಿ ಒಂದಕ್ಷರವೂ ಡಿಸ್ಕಿನ ಮುಖ ನೋಡಿರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದು ಅಕ್ಷರಕ್ಕೆ ಒಂದೇ ಬೈಟ್. ಅವರ ಹೆಡಿಗೆ ತುಂಬುವುದು ಇನ್ನೂ ತಡ, ಕಳೆದುಕೊಳ್ಳುವುದೂ ಇನ್ನೂ ಹೆಚ್ಚು. ಕನ್ನಡದಲ್ಲಿ ಲೆಕ್ಕ ಬರೆಯುವುದರಿಂದ ಹೀಗೂ ಒಂದು ಲಾಭವಿದೆ ಎಂದು ಆ ದಿನ ತಿಳಿಯಿತು.

ಹೊಟ್ಟೆ ಉರಿದದ್ದು ಅವನು ಆಮೇಲೆ ಹೇಳಿದ ಮಾತಿಗೆ. ಪ್ರೋಗ್ರಾಮ್ ಬೈದು ನಿಂತರೂ, ಪೈಥಾನ್ ಬರೆದು ಓಡಿಸುವ ಐಡಲ್‌ನ ಕಿಟಕಿ ಇನ್ನೂ ಜೀವಂತವಾಗಿತ್ತು; ಫೈಲಿಗೆ ನಾನಿಟ್ಟ ‘ಎಫ್’ ಎಂಬ ಹೆಸರು ಆ ಫೈಲನ್ನು ಹಿಡಿದುಕೊಂಡೇ ಇತ್ತು. ಅದೇ ಕಿಟಕಿಯಲ್ಲಿ ‘ಎಫ್ ಡಾಟ್ ಕ್ಲೋಸ್’ ಎಂದು ಒಂದು ಸಾಲು ಹೊಡೆದಿದ್ದರೆ ಐವತ್ತೆಂಟೂ ಲಾಟ್ ಫೈಲಿಗೆ ಇಳಿಯುತ್ತಿದ್ದವು. ನಾನು ಎಫ್5 ಒತ್ತಿದೆ. ಐಡಲ್ ಹಳೆಯ ಓಟವನ್ನು ಕೊಂದು ಹೊಸದನ್ನು ಶುರು ಮಾಡಿತು. ಹೆಡಿಗೆಯಲ್ಲಿದ್ದದ್ದು ಹೆಡಿಗೆಯ ಸಮೇತ ಹೋಯಿತು.

ಪಾಠದ ಎಚ್ಚರಿಕೆಯಲ್ಲಿ ತಪ್ಪಿರುವುದು ಇಲ್ಲಿಯೇ. ಮರೆವಿನ ಪ್ರಶ್ನೆ ಇದಲ್ಲ. ‘ಕ್ಲೋಸ್’ ಕೊನೆಯ ಸಾಲಿನಲ್ಲಿದೆ. ನಡುವೆ ತಪ್ಪಾದರೆ ಪ್ರೋಗ್ರಾಮ್ ಕೊನೆಯ ಸಾಲಿನ ತನಕ ಬರುವುದೇ ಇಲ್ಲ. ‘ಮರೆಯಬೇಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದರೂ ಕೆಂಪು ಅಕ್ಷರದಲ್ಲಿ ಹಾಕಿದರೂ ಅದರಿಂದ ಏನೂ ಆಗದು.

ನಮ್ಮ ಕಡೆಯ ಓದುಗರಿಗೆ ಉಣುಗೋಲು, ತಡಬೆ ಎರಡೂ ಗೊತ್ತು. ಉಣುಗೋಲು ಬೇಲಿಯ ದಾರಿಗೆ ಅಡ್ಡ ಗಳ ಹಾಕಿದ ಬಾಗಿಲು; ತಡಬೆ ಮನುಷ್ಯ ಮಾತ್ರ ದಾಟಬಲ್ಲ, ದನ ದಾಟಲಾರದ ಬೇಲಿಯ ಕಟ್ಟು. ಉಣುಗೋಲಿನ ಗಳ ಸರಿಸಿ ಒಳಗೆ ಹೋದವರು ಹಿಂದಿರುಗುವಾಗ ಮತ್ತೆ ಗಳ ಹಾಕಬೇಕು. ಹೆಚ್ಚಿನವರು ಹಾಕುತ್ತಾರೆ. ಆದರೆ ಒಳಗೆ ಹೋದವನಿಗೆ ಹಾವು ಕಚ್ಚಿ ನಾಲ್ಕು ಜನ ಹೊತ್ತುಕೊಂಡು ಓಡುವಾಗ ಯಾರು ಗಳ ಹಾಕುತ್ತಾರೆ? ದನ ತೋಟಕ್ಕೆ ನುಗ್ಗುವುದು ಅಂಥ ದಿನವೇ. ತಡಬೆಗೆ ಮುಚ್ಚುವುದು ಎಂಬ ಕೆಲಸವೇ ಇಲ್ಲ. ಮನುಷ್ಯ ನಡೆದು ಬರಲಿ, ಓಡಿ ಬರಲಿ, ಹೊರಿಸಿಕೊಂಡು ಬರಲಿ, ದನಕ್ಕೆ ಅದು ಯಾವಾಗಲೂ ಬೇಲಿಯೇ. ‘ಓಪನ್-ಕ್ಲೋಸ್’ ಉಣುಗೋಲು. ಪೈಥಾನಿನಲ್ಲಿ ತಡಬೆಯೂ ಇದೆ. ಅದರ ಹೆಸರು ‘ವಿತ್’. ನಿಮ್ಮ ಪಾಠದಲ್ಲಿ ಅದರ ಸುದ್ದಿಯೇ ಇಲ್ಲ.

ಸಾಲನ್ನು ಓದಿ ಹೇಳುತ್ತೇನೆ: ‘ವಿತ್ ಓಪನ್’, ಆವರಣದೊಳಗೆ ಫೈಲಿನ ಹೆಸರು, ಹಿಂದಿನದನ್ನು ಅಳಿಸದೆ ಮುಂದಕ್ಕೆ ಸೇರಿಸು ಎಂಬುದಕ್ಕೆ ‘ಎ’ ಗುರುತು, ಎನ್‌ಕೋಡಿಂಗ್ (ಅಕ್ಷರ ಬರೆದಿಡುವ ಪದ್ಧತಿ) ಯುಟಿಎಫ್-8, ಆವರಣದ ಹೊರಗೆ ‘ಆ್ಯಸ್ ಎಫ್’, ಕೊನೆಗೆ ಕೋಲನ್. ಮುಂದಿನ ಸಾಲು ನಾಲ್ಕು ಜಾಗ ಒಳಗೆ ಸರಿದು ‘ಎಫ್ ಡಾಟ್ ರೈಟ್’. ಅಷ್ಟೇ. ‘ಕ್ಲೋಸ್’ ಎಲ್ಲೂ ಇಲ್ಲ. ಒಳಗೆ ಸರಿದ ಸಾಲುಗಳಿಂದ ಪ್ರೋಗ್ರಾಮ್ ಹೊರಗೆ ಬಂದ ಕ್ಷಣ ಫೈಲ್ ಮುಚ್ಚುತ್ತದೆ. ಸಾಲುಗಳು ಮುಗಿದು ಹೊರಬಂದರೂ ಸರಿ, ನಡುವೆ ‘ರಿಟರ್ನ್’ ಎಂದು ಹೊರಟರೂ ಸರಿ, ‘ಬ್ರೇಕ್’ ಎಂದು, ಮತ್ತೆ ಮತ್ತೆ ನಡೆಯುವ ಸುತ್ತನ್ನು ಮುರಿದರೂ ಸರಿ, ನನ್ನ ಹಾಗೆ ಅಲ್ಪವಿರಾಮ ಹೊಡೆದು ಬೈಸಿಕೊಂಡು ಹೊರಬಿದ್ದರೂ ಸರಿ.

ಒಳಗೆ ನಡೆಯುವುದೂ ದೊಡ್ಡ ಗುಟ್ಟಲ್ಲ. ಹೀಗೆ ‘ವಿತ್’ ಜತೆಗೆ ಬರಬಲ್ಲ ವಸ್ತುವಿಗೆ ಎರಡು ಕೆಲಸ ಗೊತ್ತಿರಬೇಕು: ಒಳಗೆ ಬರುವಾಗ ಮಾಡಬೇಕಾದದ್ದು, ಅದಕ್ಕೆ ‘ಎಂಟರ್’, ಹೊರಗೆ ಹೋಗುವಾಗ ಮಾಡಬೇಕಾದದ್ದು, ಅದಕ್ಕೆ ‘ಎಕ್ಸಿಟ್’. ಎರಡರ ಹೆಸರಿನ ಹಿಂದೆ ಮುಂದೆಯೂ ಎರಡೆರಡು ಅಡಿಗೆರೆ. ತಪ್ಪಾಗಿ ಹೊರಬಿದ್ದಿದ್ದರೆ, ಅದು ಯಾವ ಬಗೆಯ ತಪ್ಪು, ತಪ್ಪಿನ ವಿವರವೇನು, ಯಾವ ಸಾಲಿನಿಂದ ಹಾದುಬಂತು ಎಂಬ ಮೂರು ಸಂಗತಿಗಳನ್ನು ಪೈಥಾನ್ ‘ಎಕ್ಸಿಟ್’ಗೆ ಒಪ್ಪಿಸುತ್ತದೆ. ‘ಎಕ್ಸಿಟ್’ ಹೌದು ಎಂಬ ಉತ್ತರ ಕೊಟ್ಟರೆ ತಪ್ಪು ಅಲ್ಲಿಗೇ ಅಡಗುತ್ತದೆ. ಫೈಲಿನ ‘ಎಕ್ಸಿಟ್’ ಹಾಗೆ ಮಾಡುವುದಿಲ್ಲ. ಫೈಲನ್ನು ಮುಚ್ಚುತ್ತದೆ, ತಪ್ಪನ್ನು ಮುಚ್ಚಿಹಾಕುವುದಿಲ್ಲ. ಕೆಂಪು ಅಕ್ಷರ ಬರಬೇಕಾದಂತೆ ಬಂದೇ ಬರುತ್ತದೆ. ಲೆಕ್ಕ ಬರೆಯುವವರಿಗೆ ಬೇಕಾದದ್ದೂ ಅದೇ.

ಇಂಥ ವಸ್ತುವಿಗೆ ಇಂಗ್ಲಿಷಿನಲ್ಲಿ ಕಾಂಟೆಕ್ಸ್ಟ್ ಮ್ಯಾನೇಜರ್ ಎನ್ನುತ್ತಾರೆ. ‘ಸಂದರ್ಭ ನಿರ್ವಾಹಕ’ ಎಂದು ಅನುವಾದಿಸೋಣವೇ ಎಂದು ಅಕ್ಕನ ಮಗ ಕೇಳಿದ. ನಿರ್ವಾಹಕ ಎಂದರೆ ನನಗೆ ನೆನಪಾಗುವುದು ಸರ್ಕಾರಿ ಬಸ್ಸಿನ ಕಂಡಕ್ಟರು. ಆಗುಂಬೆ ಘಾಟಿಯಲ್ಲಿ ಬಸ್ ಕೆಟ್ಟು ಎಲ್ಲರೂ ಅರ್ಧ ದಾರಿಯಲ್ಲಿ ಇಳಿದರೂ ಕೊನೆಗೆ ಬಾಗಿಲು ಎಳೆದುಕೊಳ್ಳುವವನು ಅವನೇ ತಾನೆ. ಹಾಗೆ ನೋಡಿದರೆ ಅನುವಾದ ಕೆಟ್ಟದ್ದೇನಲ್ಲ. ಆದರೂ ಪಾಠದಲ್ಲಿ ‘ವಿತ್’ ಎಂದೇ ಇರಲಿ.

ಇದು ನಿನ್ನೆ ಮೊನ್ನೆ ಬಂದ ಸೌಕರ್ಯವಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಪೈಥಾನ್ ಕಟ್ಟಿದ ಗೀಡೋ ವಾನ್ ರೊಸಮ್ ಅವರೂ ನಿಕ್ ಕಾಗ್ಲನ್ ಅವರೂ ಸೇರಿ ಇದರ ಪ್ರಸ್ತಾವ ಬರೆದದ್ದು 2005ರಲ್ಲಿ. ಅದರ ಸಂಖ್ಯೆ 343. 2006ರ ಸೆಪ್ಟೆಂಬರಿನಲ್ಲಿ ಬಂದ ಪೈಥಾನ್ 2.5ರಲ್ಲಿ ಇದು ಸೇರಿತು. ಆಗ ಬಳಸಲು ಮೊದಲು ಒಂದು ಸಾಲಿನ ಅಪ್ಪಣೆ ಕೇಳಬೇಕಿತ್ತು. 2008ರ 2.6ರಿಂದ ಆ ಅಪ್ಪಣೆಯೂ ಬೇಡವಾಯಿತು. ಜಾವಾ ಎಂಬ ಇನ್ನೊಂದು ಭಾಷೆಯವರು 2011ರಲ್ಲಿ ತಮ್ಮ ಏಳನೆಯ ಆವೃತ್ತಿಯಲ್ಲಿ ಇಂಥದ್ದೇ ಏರ್ಪಾಡು ತಂದುಕೊಂಡರು. ಪೈಥಾನಿಗೆ ‘ವಿತ್’ ಬಂದ ವರ್ಷ ಹುಟ್ಟಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಅವರಿಗೆ ನಾವು ಇನ್ನೂ ಉಣುಗೋಲು ಹಾಕುವ ಶಿಸ್ತನ್ನು ಬೋಧಿಸುತ್ತಿದ್ದೇವೆ.

ನಿಮ್ಮ ಪಾಠದವರೊಬ್ಬರದೇ ತಪ್ಪು ಎಂದು ಹೇಳುತ್ತಿಲ್ಲ. ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಕಂಪ್ಯೂಟರ್ ವಿಜ್ಞಾನದ ಪುಸ್ತಕವನ್ನು ಪಕ್ಕದ ಮನೆಯ ಹುಡುಗಿಯಿಂದ ತಂದು ನೋಡಿದೆ. ಎರಡನೆಯ ಅಧ್ಯಾಯವೇ ಫೈಲುಗಳದ್ದು. ಅದರಲ್ಲಿ ‘ವಿತ್’ ಇದೆ, ಅದು ತಾನಾಗಿ ಮುಚ್ಚುತ್ತದೆ ಎಂದೂ ಹೇಳಿದೆ. ಆದರೆ ತೆರೆಯುವುದು, ಮುಚ್ಚುವುದು ಎಲ್ಲ ಆದ ಮೇಲೆ ಚಿಕ್ಕದೊಂದು ಭಾಗವಾಗಿ. ಪರೀಕ್ಷೆಗೆ ಓದುವ ಮಕ್ಕಳು ಮೊದಲು ಕಲಿತದ್ದನ್ನೇ ಕೊನೆಯ ತನಕ ಬರೆಯುತ್ತಾರೆ. ಮೊದಲು ಕಷ್ಟದ್ದನ್ನು ಕಲಿತರೆ ಮಾತ್ರ ಒಳಗಿನದು ಅರ್ಥವಾಗುತ್ತದೆ ಎನ್ನುವ ಮೇಷ್ಟ್ರುಗಳಿದ್ದಾರೆ. ನನಗೆ ಕಿರ್ದಿ ಬರೆಯಲು ಕಲಿಸಿದ ಹಿರಿಯರು ಮೊದಲ ದಿನವೇ ಎರಡೂ ಕಡೆ ಗೆರೆ ಎಳೆಸಿ, ದಿನದ ಶಿಲ್ಕು ತೆಗೆಯದೆ ಏಳುವಂತಿಲ್ಲ ಎಂದಿದ್ದರು. ಅದು ಏಕೆಂಬುದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಲೆಕ್ಕವೇನೂ ಕೆಟ್ಟಿರಲಿಲ್ಲ.

ಇಲ್ಲಿನ ಕಾಲೇಜೊಂದರ ಅಧ್ಯಾಪಕರು ಇನ್ನೊಂದು ಮಾತು ಹೇಳಿದರು: ಪೈಥಾನ್ ತಾನೇ ಮುಚ್ಚಿಕೊಳ್ಳುತ್ತದೆ, ಇಷ್ಟೆಲ್ಲ ತಲೆಬಿಸಿ ಏಕೆ? ಅರ್ಧ ನಿಜ. ನಾವು ಸಾಮಾನ್ಯವಾಗಿ ಬಳಸುವ ಸಿಪೈಥಾನಿನಲ್ಲಿ, ಫೈಲನ್ನು ಹಿಡಿದಿರುವ ಹೆಸರು ಒಂದೂ ಉಳಿಯದಿದ್ದಾಗ ಅದು ಮುಚ್ಚಿಹೋಗುತ್ತದೆ. ಪೈಪೈ ಎಂಬ ಇನ್ನೊಂದು ಪೈಥಾನಿನಲ್ಲಿ ಯಾವಾಗ ಮುಚ್ಚುತ್ತದೆಂಬ ಭರವಸೆಯಿಲ್ಲ. ಸಿಪೈಥಾನಿನಲ್ಲಿಯೂ ಹೆಸರು ಉಳಿದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ 58 ಲಾಟುಗಳೇ ಸಾಕ್ಷಿ. ಅಲ್ಲದೆ ವಿಂಡೋಸಿನಲ್ಲಿ ತೆರೆದಿಟ್ಟ ಫೈಲನ್ನು ಅಳಿಸಲು ಹೋದರೂ ಹೆಸರು ಬದಲಿಸಲು ಹೋದರೂ ‘ಇದನ್ನು ಬೇರೆ ಪ್ರೋಗ್ರಾಮ್ ಬಳಸುತ್ತಿದೆ’ ಎಂದು ಕೂರುತ್ತದೆ. ಬೇರೆ ಪ್ರೋಗ್ರಾಮ್ ಎಂದರೆ ಅರ್ಧ ಗಂಟೆ ಮೊದಲು ನಿಂತುಹೋದ ನಮ್ಮದೇ ಪ್ರೋಗ್ರಾಮ್.

‘ವಿತ್’ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಪಾಠದಲ್ಲಿ ಬರೆಯಬಾರದು. ನಮ್ಮೂರಿನಲ್ಲಿ ಜೂನ್ ತಿಂಗಳು ಹಿಡಿಯಿತೆಂದರೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಕರೆಂಟು ಹೋದಾಗ ‘ಎಕ್ಸಿಟ್’ ಕರೆಯಲು ಪೈಥಾನೇ ಇರುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಕೊಂದರೂ ಅಷ್ಟೇ. ಆದ್ದರಿಂದ ‘ವಿತ್’ ಇದೆಯೇ ಎಂಬುದರಷ್ಟೇ ಮುಖ್ಯ ಅದನ್ನು ಎಲ್ಲಿ ಇಟ್ಟಿದ್ದೀರಿ ಎಂಬುದು. ನಾನು ಮೊದಲು ಅದನ್ನು ಬೆಳಗಿನ ಸಾಲಿನಲ್ಲಿಟ್ಟು, ಇಡೀ ದಿನದ ಸುತ್ತನ್ನು ಅದರೊಳಗೆ ತುಂಬಿದ್ದೆ. ಹಾಗಿಟ್ಟರೆ ಅಲ್ಪವಿರಾಮದಿಂದ ಪಾರಾಗಬಹುದು, ಕರೆಂಟಿನಿಂದ ಆಗದು. ಈಗ ತಿರುಗಿಸಿ ಇಟ್ಟಿದ್ದೇನೆ. ಸುತ್ತು ಹೊರಗೆ, ‘ವಿತ್’ ಒಳಗೆ. ಹೆಸರು ಕೇಳುವುದು, ತೂಕ ಕೇಳುವುದು, ತೂಕವನ್ನು ಸಂಖ್ಯೆ ಮಾಡುವುದು, ತಪ್ಪಾದರೆ ಮತ್ತೆ ಕೇಳುವುದು ಎಲ್ಲವೂ ಫೈಲ್ ತೆರೆಯುವ ಮೊದಲೇ ಮುಗಿಯುತ್ತದೆ. ಆಮೇಲೆ ತೆರೆ, ಒಂದು ಸಾಲು ಬರೆ, ಮುಚ್ಚು. ಒಂದು ಲಾಟಿಗೆ ಒಂದು ಸಲ. ದಿನಕ್ಕೆ ಅರವತ್ತು ಸಲ ತೆರೆದು ಮುಚ್ಚುವುದು ದಂಡವಲ್ಲವೇ ಚಿಕ್ಕಮ್ಮ ಎಂದ ಅಕ್ಕನ ಮಗ. ಅವನ ಕಚೇರಿಯಲ್ಲಿ ಸೆಕೆಂಡಿಗೆ ಸಾವಿರ ಸಾಲು ಬರೆಯುತ್ತಾರಂತೆ; ಅಲ್ಲಿ ದಂಡವೇ ಇರಬಹುದು. ನಮ್ಮಲ್ಲಿ ಒಂದು ಚೀಲ ತಕ್ಕಡಿಯಿಂದ ಇಳಿದು ಇನ್ನೊಂದು ಏರುವ ಹೊತ್ತಿಗೆ ಕಂಪ್ಯೂಟರ್ ಒಂದು ನಿದ್ದೆ ಮುಗಿಸಿರುತ್ತದೆ. ಮುಚ್ಚಿದ ಮೇಲೂ ಅಕ್ಷರಗಳು ಸ್ವಲ್ಪ ಹೊತ್ತು ವಿಂಡೋಸಿನ ಕೈಯಲ್ಲಿ ಇರಬಹುದೆಂದು, ಬರೆದ ಕೂಡಲೇ ಹೆಡಿಗೆ ಖಾಲಿ ಮಾಡುವ ‘ಫ್ಲಶ್’, ಅದರ ಹಿಂದೆಯೇ ಡಿಸ್ಕಿಗೆ ಇಳಿಸುವ ‘ಎಫ್‌ಸಿಂಕ್’ ಎಂಬ ಎರಡು ಸಾಲನ್ನು ಅವನೇ ಸೇರಿಸಿ ಕೊಟ್ಟ. ಆಮೇಲೆ ಎರಡು ಸಲ ಕರೆಂಟು ಹೋಗಿದೆ. ಒಂದು ಸಾಲೂ ಹೋಗಿಲ್ಲ.

‘ಎ’ ಬದಲು ಹಾಕುವ, ಹೊಸದಾಗಿ ಬರೆಯಲು ಫೈಲ್ ತೆರೆಯುವ ‘ಡಬ್ಲ್ಯೂ’ ಗುರುತಿನ ಬಗ್ಗೆಯೂ ಒಂದು ಮಾತು ಬೇಕು. ಅದು ಬರೆಯುವಾಗ ಅಳಿಸುವುದಲ್ಲ, ತೆರೆಯುವ ಕ್ಷಣದಲ್ಲೇ ಹಳೆಯದನ್ನೆಲ್ಲ ಅಳಿಸುತ್ತದೆ. ಆಮೇಲೆ ‘ವಿತ್’ ಎಷ್ಟು ಚೆನ್ನಾಗಿ ಮುಚ್ಚಿದರೂ ಹೋದದ್ದು ಬಾರದು. ತಿಂಗಳ ಗೋಷ್ವಾರೆಯನ್ನು ನಾನು ಈಗ ಬೇರೆ ಹೆಸರಿನ ಫೈಲಿಗೆ ಬರೆದು, ಅದು ಮುಚ್ಚಿದ ಮೇಲೆ ‘ರಿಪ್ಲೇಸ್’ ಎಂಬ ಆಜ್ಞೆಯಿಂದ ಹಳೆಯದರ ಜಾಗದಲ್ಲಿ ಕೂರಿಸುತ್ತೇನೆ. ಹಾಗೆಯೇ ಎಲ್ಲ ‘ವಿತ್’ಗಳೂ ಮುಚ್ಚುತ್ತವೆ ಎಂದು ನಂಬಬಾರದು. ಪೈಥಾನಿನ ಜತೆಗೇ ಬರುವ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಭಂಡಾರದ ಸಂಪರ್ಕವನ್ನು ‘ವಿತ್’ನಲ್ಲಿ ಬಳಸಿದರೆ, ಸರಿಯಾದಾಗ ಬರೆದದ್ದನ್ನು ಖಾಯಂ ಮಾಡುತ್ತದೆ, ತಪ್ಪಾದಾಗ ಹಿಂದಕ್ಕೆ ಪಡೆಯುತ್ತದೆ, ಆದರೆ ಸಂಪರ್ಕವನ್ನು ಮುಚ್ಚುವುದಿಲ್ಲ. ಯಾರು ಹೀಗೆ ಮಾಡಿಟ್ಟರೋ.

ಕೊನೆಯದಾಗಿ, ಕನ್ನಡ ಪತ್ರಿಕೆಯ ಪಾಠವಾಗಿದ್ದರಿಂದಲೇ ನನಗೆ ನೋವಾದ ಸಂಗತಿ. ನಿಮ್ಮ ಉದಾಹರಣೆಯಲ್ಲಿ ಫೈಲಿಗೆ ಬರೆದದ್ದು ಇಂಗ್ಲಿಷಿನಲ್ಲಿ, ಯಾರದೋ ಹೆಸರು ಮತ್ತು ವಯಸ್ಸು. ಅದು ಎಲ್ಲ ಕಡೆಯೂ ನಡೆಯುತ್ತದೆ. ಆ ಜಾಗದಲ್ಲಿ ನಾನು ‘ಗೊರಬಲು’ ಎಂದು ಬರೆದ ಮೊದಲ ದಿನವೇ ‘ಚಾರ್‌ಮ್ಯಾಪ್’ನಿಂದ ಈ ಅಕ್ಷರ ಬರೆಯಲಾಗದು ಎಂದು ಬೈಸಿಕೊಂಡೆ. ಎನ್‌ಕೋಡಿಂಗ್ ಹೇಳದಿದ್ದರೆ ನಮ್ಮ ವಿಂಡೋಸ್ ತನ್ನ ಹಳೆಯ ಪಾಶ್ಚಾತ್ಯ ಅಕ್ಷರಪಟ್ಟಿಯನ್ನೇ ಹಿಡಿಯುತ್ತದೆ, ಅದರಲ್ಲಿ ಕನ್ನಡವಿಲ್ಲ. ಯುಟಿಎಫ್-8 ಎಂದು ಬರೆದರೆ ಮುಗಿಯಿತು. ಎಕ್ಸೆಲ್‌ನಲ್ಲಿ ತೆರೆಯುವ ಫೈಲಾದರೆ ಅದರ ಕೊನೆಗೆ ಅಡ್ಡಗೆರೆ ಹಾಕಿ ‘ಸಿಗ್’ ಎಂದೂ ಸೇರಿಸಬೇಕು. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟು ಮಕ್ಕಳು ‘ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂದುಕೊಂಡು ಹೆಸರುಗಳನ್ನು ಇಂಗ್ಲಿಷಿನಲ್ಲಿ ಹೊಡೆಯುತ್ತಿರಬಹುದು.

ಪಾಠ ಬರೆಯುವವರಲ್ಲಿ ವಿನಂತಿ ಇಷ್ಟೇ. ಮುಂದೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲುಗಳ ಕಂತು ಬರಲಿದೆ ಎಂದು ಪ್ರಕಟಿಸಿದ್ದೀರಿ. ಅದರಲ್ಲಿ ಮೊದಲ ಉದಾಹರಣೆಯಿಂದಲೇ ‘ವಿತ್’ ಇರಲಿ, ಎನ್‌ಕೋಡಿಂಗ್ ಇರಲಿ, ಹೆಸರುಗಳು ಕನ್ನಡದಲ್ಲಿರಲಿ. ‘ಓಪನ್-ಕ್ಲೋಸ್’ ಬೇಕೆಂದರೆ ಕೆಳಗೆ ಚೌಕದಲ್ಲಿ, ಹಳೆಯ ಪ್ರೋಗ್ರಾಮ್ ಓದಲು ಬೇಕಾದೀತು ಎಂದು ಹಾಕಿ. ನನ್ನ ಪ್ರೋಗ್ರಾಮಿನ ಎರಡು ಮುದ್ರಿತ ಪ್ರತಿಗಳನ್ನು, ಮುಳುಗಿದ್ದನ್ನೂ ತೇಲಿದ್ದನ್ನೂ, ಈ ಪತ್ರದ ಜತೆ ಇಟ್ಟಿದ್ದೇನೆ. ಜಾಗವಿದ್ದರೆ ಅಚ್ಚು ಹಾಕಬಹುದು. ರೈತರ ಹೆಸರುಗಳನ್ನು ಮಾತ್ರ ತೆಗೆದುಬಿಡಿ.

ಸಾಹುಕಾರರು ಪುಸ್ತಕ ಬಿಟ್ಟಿಲ್ಲ. ಸಂಜೆ ಕಂಪ್ಯೂಟರಿನ ಒಟ್ಟನ್ನು ಪುಸ್ತಕದ ಒಟ್ಟಿನ ಜತೆ ಹಿಡಿದು ನೋಡಿ, ಎರಡೂ ತಾಳೆಯಾದರೆ ‘ಹ್ಞೂಂ’ ಎನ್ನುತ್ತಾರೆ. ಮೊನ್ನೆ ಒಂದು ಲಾಟ್ ತಾಳೆಯಾಗಲಿಲ್ಲ. ತಪ್ಪು ಪುಸ್ತಕದಲ್ಲಿತ್ತು, ಬರೆದವಳು ನಾನೇ.

ಅಡಿಕೆ ಮಂಡಿಯ ಲೆಕ್ಕದವಳು,
ತೀರ್ಥಹಳ್ಳಿ